ಬ್ಯಾರನ್ ಕೊಳವೆಯ ಸೈಲೆನ್ಸರು

ನಮ್ಮಪ್ಪ ಕಾರು ಕೊಂಡದ್ದು ದೊಡ್ಡಸ್ತಿಕೆಗಲ್ಲ. ಅಗ್ಗಕ್ಕೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ. ಕೊಡಗಿನ ಎಸ್ಟೇಟಿನವರು ಸಾಕಾಗಿ ಮಾರಿದ ಆ ಕಪ್ಪು ಮುದುಕಿ ಹುಣಸೂರಿನ ಕಡೆಯ ನಮ್ಮ ಹಳ್ಳಿಗೆ ಬರುವಾಗಲೇ ಅದರ ಸೈಲೆನ್ಸರಿಗೆ ತುಕ್ಕು ಹಿಡಿದಿತ್ತು. ಪೂರ್ತಿ ಕಳಚಿ ಬಿದ್ದದ್ದು ಮಾತ್ರ ಚಿಕ್ಕ ಸೋದರಮಾವನ ಮದುವೆ ಹತ್ತಿರ ಬಂದಾಗ.

ಅವ್ವನಿಗೆ ಆ ಮದುವೆಗೆ ಕಾರಿನಲ್ಲೇ ಹೋಗಿ ಇಳಿಯಬೇಕಿತ್ತು. ಹಾರನಹಳ್ಳಿ ಪಕ್ಕದ ತವರಿನಲ್ಲಿ ದೊಡ್ಡ ಸೋದರಮಾವನ ಹೆಂಡತಿ, "ಅಕ್ಕ ಬಸ್ನಲ್ಲಿ ಕೋಳಿ ಮಂಕ್ರಿ ಜೊತೆ ಬಂದವ್ರೆ, ಸೀರೆ ಕೊಡವ್ಕೊಳ್ಳಕ್ಕ" ಎಂದು ನೆಂಟರೆದುರು ಒಮ್ಮೆ ನಕ್ಕಿದ್ದಳು. ಅವ್ವ ಅದನ್ನು ಮರೆತಿರಲಿಲ್ಲ.

ಹೊಸ ಸೈಲೆನ್ಸರು ತನ್ನಿ ಅಂದಳು. ಅಪ್ಪ ಮೈಸೂರಿಗೆ ಹೋಗಿ ಬೆಲೆ ಕೇಳಿಕೊಂಡು ಬಂದು, ಸಾವಿನ ಸುದ್ದಿ ತಂದವರಂತೆ ಜಗಲಿಯ ಮೇಲೆ ಕುಳಿತರು. ಆಮೇಲೆ ಎದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದಕ್ಕೆ ನಡೆದರು.

ಬ್ಯಾರನ್ನಿನ ಒಲೆಯ ಕಾವನ್ನು ಒಳಗೆಲ್ಲ ಸುತ್ತಿಸುವ ತಗಡಿನ ಕೊಳವೆಗಳನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ತೂತುಬಿದ್ದರೆ ಸೀಳಿ ಸೂರಿನ ನೀರು ಹರಿಸುವ ದೋಣಿ. ಅದಕ್ಕೂ ಆಗದಿದ್ದರೆ ಕಾವಿಗೆ ಕೂತ ಕೋಳಿಗೆ ಗೂಡು. ಸೈಲೆನ್ಸರಾಗಿ ಪಟ್ಟಕ್ಕೇರಿದ ಕೊಳವೆ ಇದೇ ಮೊದಲು.

"ಒಳಗೇನೈತೆ ನೋಡುದ್ರಾ?" ಎಂದಳು ಅವ್ವ.

"ಹೊಗೆ ಓಗೋ ಜಾಗ ಕಣೆ. ದೇವ್ರ ಗುಡಿಯಾ, ಗುಡ್ಸಿ ಸಾರ್ಸಕ್ಕೆ?"

ಕಾರಿನಡಿ ಅಂಗಾತ ಮಲಗಿ ಅದನ್ನು ಬೇಲಿ ತಂತಿಯಿಂದ ಬಿಗಿದರು. ಬ್ಯಾರನ್ನಿಗೆ ಮೆತ್ತುವಂತೆಯೇ ಸಂದುಗಳಿಗೆ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿದರು. ಬ್ಯಾರನ್ನು ಹುಟ್ಟಿದಲ್ಲೇ ನಿಂತಿರುತ್ತದೆ. ಕಾರು ಪಿರಿಯಾಪಟ್ಟಣದ ರಸ್ತೆಯಲ್ಲಿ ಕುಣಿಯುತ್ತದೆ. ಈ ವ್ಯತ್ಯಾಸವನ್ನು ಅಪ್ಪ ಗಣನೆಗೆ ತೆಗೆದುಕೊಳ್ಳಲಿಲ್ಲ.

ಮದುವೆಗೆ ಹೊರಟ ಸ್ವಲ್ಪ ಹೊತ್ತಿಗೇ ಮಣ್ಣು ಬಿರಿಯಿತು. ಮೊದಲು ಸುಟ್ಟ ಸಗಣಿಯ ವಾಸನೆ. ಅದು ಸಹ್ಯ, ಸಗಣಿಯ ನಡುವೆಯೇ ಬೆಳೆದವರು ನಾವು. ಬಳಿಕ ಹಳೇ ಮಸಿ, ಹೊಗೆಸೊಪ್ಪಿನ ಕಮಟು. ಅದರ ಬೆನ್ನಿಗೇ ಕಾರಿನ ನೆಲದ ತೂತುಗಳಿಂದ, ಕೂದಲು ಸೀದು ಕೊಬ್ಬು ಕರಗಿದಂಥ ನಾತವೊಂದು ಎದ್ದು ಬಂದು ನಾಲಗೆಯ ಮೇಲೆ ಜಿಡ್ಡಾಗಿ ಕೂತಿತು. ನಾನು ಬೆಳಗಿನ ರೊಟ್ಟಿಯನ್ನು ಕಿಟಕಿಯಾಚೆ ಪಿರಿಯಾಪಟ್ಟಣ ತಾಲ್ಲೂಕಿಗೆ ಅರ್ಪಿಸಿದೆ.

ಮೋರಿಯೊಂದರ ಬಳಿ ಎಲ್ಲರೂ ಇಳಿದೆವು, ಅಪ್ಪ ಕಾರಿನ ಹಿಂದೆ ಬಗ್ಗಿದರು. ಕೊಳವೆಯ ತುದಿಯಲ್ಲಿ ಹೆಗ್ಗಣದ ಬಾಲ ನೇತಾಡುತ್ತಿತ್ತು. ಹಿಡಿದು ಎಳೆದರು. ಬಾಲ ಬಂತು, ಹೆಗ್ಗಣ ಬರಲಿಲ್ಲ.

"ಕಿತ್ತಾಕಿ ಅದ್ನ," ಎಂದಳು ಅವ್ವ, ಸೆರಗಿನೊಳಗಿಂದ.

"ಕಿತ್ತಾಕುದ್ರೆ ಗುಡುಗ್ದಂಗೆ ಸದ್ದಾಯ್ತದೆ ಕಣೆ. ಮದ್ವೆ ಮನೆಗೆ ಅಂಗೋಗಕ್ಕಾಯ್ತದಾ? ಮರ್ವಾದೆ ಬ್ಯಾಡ್ವಾ?"

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ನಮ್ಮನ್ನು ದಾಟುವಾಗ ಮೂಗು ಮುಚ್ಚಿಕೊಂಡ. ಅವ್ವ ಬಸ್ಸನ್ನು ನೋಡಿದಳು, ಕೈ ಎತ್ತಲಿಲ್ಲ. ಮತ್ತೆ ಕಾರನ್ನೇ ಹತ್ತಿದಳು.

ಚಪ್ಪರದ ಮುಂದೆ ಕಾರು ಹೆಚ್ಚು ಸದ್ದಿಲ್ಲದೆ ನಿಂತಿತು, ಅಷ್ಟನ್ನು ಒಪ್ಪಬೇಕು. ಕಾಲಿಗೆ ನೀರು ತಂದ, ಅದೇ ದೊಡ್ಡ ಸೋದರಮಾವನ ಹೆಂಡತಿ ಚೊಂಬಿನ ಸಮೇತ ಹಿಂದಕ್ಕೆ ಸರಿದಳು.

"ಅಯ್ ಸಿವ್ನೆ! ಏನಕ್ಕಾ ಇದು, ಕಾರೊಳಗೆ ಯಾರಾರ ಸತ್ತವ್ರಾ?"

ಅವ್ವ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಸ್ಟಿಯರಿಂಗ್ ಹಿಡಿದು ಕೂತಿದ್ದ ಅಪ್ಪನನ್ನು ಒಮ್ಮೆ ನೋಡಿದಳು.

"ಇನ್ನೂ ಇಲ್ಲ ಕಣಮ್ಮಿ. ಮದ್ವೆ ಮುಗೀಲಿ," ಎಂದು ಇಳಿದಳು.

ಮರಳುವಾಗ ಅಪ್ಪನನ್ನು ಕಾರಿಗೆ ಬಿಟ್ಟು ಅವ್ವ, ನಾನು ಬಸ್ಸು ಹತ್ತಿದೆವು. ಸೀಟಿನ ಪಕ್ಕ ಯಾರದೋ ಕೋಳಿ ಮಂಕರಿಯಿತ್ತು. ಅವ್ವ ಅದರ ಕಡೆಗೇ ಸರಿದು ಕೂತಳು.