ಮುತ್ಯಾನ ವಲ್ಲಿಯಲ್ಲಿ ಸೋಸಿದ ನೀರು

ಇಳಕಲ್ಲಿನ ನಮ್ಮ ಮನೆಯ ಹಿತ್ತಲಿನ ಬಾವಿಯನ್ನು ಮೊಮ್ಮಕ್ಕಳಾದ ನೀವೆಲ್ಲ ನೋಡಿದ್ದೀರಿ. ನಿಮ್ಮ ಮುತ್ಯಾ ಅದರ ನೀರಿನಲ್ಲೇ ಸೀರೆಯ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಉಳಿದ ಬಣ್ಣದ ನೀರನ್ನು ಮಾತ್ರ ಹಿತ್ತಲಲ್ಲಿ ಚೆಲ್ಲಗೊಡುತ್ತಿರಲಿಲ್ಲ. ಕೊಡದಲ್ಲಿ ತುಂಬಿ, ಊರಾಚೆಯ ಕಲ್ಲುನೆಲದವರೆಗೆ ತಾವೇ ಹೊತ್ತು ಒಯ್ಯುತ್ತಿದ್ದರು. "ಕುಡಿಯೋ ಬಾವಿ ಐತಿ, ಒಂದ್ ಹನಿ ಬೀಳಬಾರದು" ಎನ್ನುತ್ತಿದ್ದರು.

ಅವರು ಹೋದ ಮೇಲೂ ನಾನು ಆ ನೀರನ್ನೇ ಕುಡಿಯುತ್ತಿದ್ದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುವ ನಿಮ್ಮ ದೊಡ್ಡಕ್ಕ ಒಮ್ಮೆ ರಜೆಗೆ ಬಂದಿದ್ದಳು. "ಆಯಿ, ಲ್ಯಾಬಿನಾಗ ಪರೀಕ್ಷಾ ಮಾಡಾಕ ಬಾವಿ ನೀರು ಬೇಕು, ಒಂದ್ ಬಾಟ್ಲಿ ತುಂಬಿಕೊಡು" ಎಂದವಳೇ, ಬಸ್ಸಿಗೆ ಹೊತ್ತಾಯಿತೆಂದು ಚೀಲ ತುಂಬಿಕೊಳ್ಳಲು ಒಳಗೆ ಓಡಿದಳು. ನಾನು ತುಂಬಿಕೊಟ್ಟೆ.

ವಾರದ ಮೇಲೆ ಫೋನ್ ಮಾಡಿದಳು. ನೀರಿನಲ್ಲಿ ನೂಲಿಗೆ ಹಾಕುವ ಕೆಂಪು ಬಣ್ಣದ ಅಂಶವಿದೆಯಂತೆ. "ಮುತ್ಯಾನ ಬಣ್ಣ ಬಾವಿಗೆ ಇಳದೈತೇನು ಅಂತ ನಮ್ಮ ಸರ್ ಕೇಳಿದ್ರು" ಎಂದಳು.

ಫೋನ್ ಇಟ್ಟುಬಿಟ್ಟೆ. ಆ ದಿನ ಊಟ ಸೇರಲಿಲ್ಲ. ಅವರ ಪರವಾಗಿ ಎರಡು ಮಾತಾಡಲೂ ನನಗೆ ಬರಲಿಲ್ಲವಲ್ಲ ಎಂದು ಕೊರಗಿದೆ.

ಮುಂದಿನ ಭಾನುವಾರ ಅವಳು ಇನ್ನೊಂದು ಬಾಟಲಿ ತಂದು ನನ್ನ ಪಕ್ಕದಲ್ಲೇ ನಿಂತಳು. ನಾನು ಕೊಡ ಸೇದಿ, ದಿನದ ರೂಢಿಯಂತೆ ಬಾಟಲಿಯ ಬಾಯಿಗೆ ಅರಿವೆ ಹಿಡಿದೆ.

"ಆಯೀ! ಇದೇನು?"

"ಸೋಸಲಾರದ ನೀರು ಮಂದಿಗೆ ಹೆಂಗ ಕೊಡೂದವಾ? ಅದೂ ನಿಮ್ಮ ಸರ್‌ಗೆ."

"ಸರ್ ಅದನ್ನ ಕುಡಿಯಂಗಿಲ್ಲ, ನಮ್ಮವ್ವಾ!" ಎಂದು ನಗುತ್ತಲೇ ಅರಿವೆಯನ್ನು ಬಿಡಿಸಿ ನೋಡಿದಳು. ನಗು ನಿಂತಿತು. ಅದು ಮುತ್ಯಾ ಹೆಗಲ ಮೇಲೆ ಹಾಕುತ್ತಿದ್ದ ವಲ್ಲಿ. ಬಣ್ಣದ ಕೈ ಒರೆಸಿ ಒರೆಸಿ ಅದರ ಅಂಚೆಲ್ಲ ಕೆಂಪಾಗಿತ್ತು.

ಎರಡನೆಯ ಬಾಟಲಿ ಸೋಸದೆ ಹೋಯಿತು. ಅದರಲ್ಲಿ ಬಣ್ಣದ ಸುಳಿವೇ ಇರಲಿಲ್ಲ. ಆದರೆ ಫ್ಲೋರೈಡ್ ಹೆಚ್ಚಿದೆ, ಅದು ನೆಲದೊಳಗಿನ ಕಲ್ಲಿನಿಂದಲೇ ಬರುವಂಥದ್ದು, ಕುಡಿಯಬೇಡಿ ಎಂದು ಅವಳ ಸರ್ ತಿಳಿಸಿದರು. ಈಗ ಕ್ಯಾನಿನ ನೀರು ತರಿಸುತ್ತೇನೆ. ಎಷ್ಟು ಕುಡಿದರೂ ದಾಹ ಇಂಗಿದಂತೆ ಅನ್ನಿಸುವುದಿಲ್ಲ.

ಮುತ್ಯಾ ಬಾವಿ ಕೆಡಿಸಿರಲಿಲ್ಲ ಎಂದು ನಿಮಗೆ ತಿಳಿದಿರಲಿ ಎಂದೇ ಇದನ್ನು ಬರೆದೆ. ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅವರು ಹೋದಂದಿನಿಂದ ಅವರ ಕೈಯ ಬಣ್ಣ ಕೊಡಕೊಡಕ್ಕೂ ಇಷ್ಟಿಷ್ಟೇ ಇಳಿದು ನನ್ನೊಳಗೆ ಸೇರಿದೆ. ಕ್ಯಾನಿನ ನೀರನ್ನು ಸೋಸಬೇಕಿಲ್ಲ. ವಲ್ಲಿಯನ್ನು ಒಣಗಿಸಿ ಟ್ರಂಕಿನಲ್ಲಿಟ್ಟಿದ್ದೇನೆ. ಅದನ್ನು ಯಾರೂ ಒಗೆಯಲು ಹಾಕಬೇಡಿ.