ಟೆಕ್ಲಾ ಬಾರಿಸದ ಗಂಟೆ

1809ರಲ್ಲಿ ಫ್ರೆಂಚರ ತೋಪುಗಳು ಸ್ಪೇನಿನ ನಮ್ಮ ಜಿರೋನಾ ಊರಿನ ಮೇಲೆ ಏಳು ತಿಂಗಳು ಗುಂಡು ಸುರಿದವು. ಆ ಏಳು ತಿಂಗಳೂ ಊರನ್ನು ನೆಲಮಾಳಿಗೆಗೆ ಓಡಿಸಿ ಉಳಿಸಿದವಳು ಟೆಕ್ಲಾ. ಗಂಟೆಗೋಪುರದಲ್ಲಿ ನಿಂತು, ಎದುರು ಗುಡ್ಡದಲ್ಲಿ ತೋಪಿನ ಹೊಗೆ ಕಂಡೊಡನೆ ಒಂದೇ ಒಂದು ಏಟು ಬಾರಿಸುತ್ತಿದ್ದಳು. ಅದು ಗಂಡ ಬಾಲ್ದಿರಿಯ ಕೆಲಸ. ಮೊದಲ ವಾರವೇ ಅವನು ಜ್ವರದಲ್ಲಿ ಮಲಗಿದ ಮೇಲೆ ಹಗ್ಗ ಇವಳ ಕೈಗೆ ಬಂತು. ಬಿಟ್ಟುಕೊಡು ಎನ್ನಲು ಪಾದ್ರಿಗೂ ಧೈರ್ಯವಿರಲಿಲ್ಲ, ಅವಳ ಬಾಯಿ ಅಂಥದು.

ಡಿಸೆಂಬರಿನಲ್ಲಿ ಬಾಲ್ದಿರಿ ತೀರಿಕೊಂಡ. ಅದೇ ದಿನ ಕೋಟೆ ಶರಣಾಯಿತು. ಮರುದಿನ ಫ್ರೆಂಚರು ಒಳಗೆ ಬರುವಾಗ ಗಂಟೆ ಮೊಳಗಬೇಕಂತೆ, ಅವರ ಅಪ್ಪಣೆ. ಟೆಕ್ಲಾಳ ಮೈಯೆಲ್ಲ ಉರಿದುಹೋಯಿತು. ಸತ್ತವರಿಗಾಗಿ ಅತ್ತ ಗಂಟೆ ಕೊಂದವರಿಗೆ ಸ್ವಾಗತ ಹೇಳುವುದೇ? ಅಂದು ರಾತ್ರಿಯೇ ಗೋರಿ ತೋಡುವ ಮಿಂಗೋನಿಂದ ಗಂಟೆಯೊಳಗೆ ಬಡಿಯುವ ಕಬ್ಬಿಣದ ನಾಲಗೆ ಬಿಚ್ಚಿಸಿ, ಗುಂಡಿಯಲ್ಲಿ ಗಂಡನ ಹೆಣದ ಪಕ್ಕಕ್ಕೆ ಇಳಿಸಿದಳು.

"ತಲೆ ನೆಟ್ಟಗಿದೆಯೇನಕ್ಕಾ?" ಎಂದ ಮಿಂಗೋ.

"ಇವನೂ ಇದೂ ನಲವತ್ತು ವರ್ಷ ಜೊತೆಗಿದ್ರು. ಈಗ್ಯಾಕೆ ಬೇರೆ ಮಾಡ್ಲಿ? ಸುಮ್ನೆ ಮಣ್ಣು ಎಳಿ."

ಮರುದಿನ ಗೋಪುರದಿಂದ ಕೇಳಿದ್ದು ಬರೀ ಕಟಕಟ ಸದ್ದು. ಯೇಸುವನ್ನು ಶಿಲುಬೆಗೇರಿಸಿದ ಶುಕ್ರವಾರ ನಮ್ಮಲ್ಲಿ ಗಂಟೆ ಬಾರಿಸುವುದಿಲ್ಲ, ಮರದ ಗಿಲಕಿ ಆಡಿಸುತ್ತೇವೆ. ಟೆಕ್ಲಾ ಅದನ್ನೇ ಆಡಿಸುತ್ತಿದ್ದಳು. ಬೀದಿಯಲ್ಲಿದ್ದವರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಫ್ರೆಂಚರು ಅದು ತಮಗೆ ಕೊಟ್ಟ ಮರ್ಯಾದೆ ಎಂದುಕೊಂಡರು. ಒಬ್ಬ ಅಧಿಕಾರಿ ಮಾತ್ರ ದುಭಾಷಿಯನ್ನು ಎಳೆದುಕೊಂಡು ಮೇಲೆ ಹತ್ತಿದ.

"ಗಂಟೆ ನಾಲಗೆ ಎಲ್ಲಿ ಅಂತ ಕೇಳ್ತಿದಾರಮ್ಮಾ," ಎಂದ ದುಭಾಷಿ.

"ತಿಂದ್ವಿ," ಎಂದಳು ಟೆಕ್ಲಾ. "ಕುದುರೆ ಆಯ್ತು, ಬೆಕ್ಕಾಯ್ತು, ಇಲಿ ಆಯ್ತು. ಹೋದ ವಾರ ಅದನ್ನೂ ಬೇಯಿಸ್ಕೊಂಡ್ವಿ. ಸ್ವಲ್ಪ ಗಟ್ಟಿ ಇತ್ತು ಅಂತ ಹೇಳು ಅವನಿಗೆ."

ಒಂದು ತಿಂಗಳು ಸೆರೆಯಲ್ಲಿಟ್ಟರೂ ಅವಳು ಬಾಯಿ ಬಿಡಲಿಲ್ಲ. ಬೇರೆ ನಾಲಗೆ ಮಾಡಿಕೊಡಲು ಊರಲ್ಲಿ ಮೂವರು ಕಮ್ಮಾರರಿದ್ದರು. ಮೂವರಿಗೂ ಅಂದಿನಿಂದ ಕೈನೋವು. ನಾಲ್ಕು ವರ್ಷ ಗಂಟೆ ಮೂಕವಾಗಿಯೇ ಇತ್ತು.

ಫ್ರೆಂಚರು ಗಂಟುಮೂಟೆ ಕಟ್ಟಿದ ದಿನ ಗೋರಿ ತೋಡಿ ನಾಲಗೆ ತೆಗೆದು ಮತ್ತೆ ಕಟ್ಟಿದರು. ಕಾಲು ಸೋತಿದ್ದ ಟೆಕ್ಲಾಳನ್ನು ಮಿಂಗೋ ಬೆನ್ನ ಮೇಲೆ ಹೊತ್ತು ಗೋಪುರ ಹತ್ತಿಸಿದ. ಕೆಳಗೆ ಚೌಕದ ತುಂಬ ಜನ, ಹಾಡು, ವೈನು. ಅವಳು ಹಗ್ಗ ಜಗ್ಗಿದಳು. ಒಂದು ಏಟು.

ಚೌಕ ಖಾಲಿಯಾಯಿತು. ಹೆಂಗಸರು ಮಕ್ಕಳನ್ನು ಬಾಚಿಕೊಂಡು ನೆಲಮಾಳಿಗೆಗೆ ಓಡಿದರು. ಗಂಡಸರು ಲೋಟ ಹಿಡಿದುಕೊಂಡೇ ಹಿಂದೆ ಓಡಿದರು. ಗಂಡನನ್ನು ಮಣ್ಣು ಮಾಡುವಾಗಲೂ ಅಳದಿದ್ದ ಟೆಕ್ಲಾ ಆ ಖಾಲಿ ಚೌಕ ನೋಡಿ ಅತ್ತಳು. ಅಳುತ್ತಲೇ ಎರಡನೆಯ ಏಟು ಬಾರಿಸಿದಳು, ಮೂರನೆಯದು, ನಾಲ್ಕನೆಯದು; ಊರೆಲ್ಲ ಮೇಲೆ ಬರುವವರೆಗೂ ಹಗ್ಗ ಬಿಡಲಿಲ್ಲ.