ನಿಮ್ಮನ್ಯಾಗ ಏನಂತಾರ?

ಶಹಾಬಾದದ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು ಓದಿದ್ದೆಲ್ಲ ಉರ್ದುವಿನಲ್ಲಿ. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರು ಕನ್ನಡದಲ್ಲಿ ಪಾಠ ಮಾಡಬೇಕಾಯಿತು. ಪುಸ್ತಕದ ಪದಗಳು ಅವರಿಗೂ ಹೊಸವು, ನಮಗೂ ಹೊಸವು. ಹಲಗೆಯ ಮೇಲೆ ಒಂದೊಂದನ್ನೇ ಬರೆದು, ಟೋಪಿ ಹಿಂದಕ್ಕೆ ಸರಿಸಿ, "ನಿಮ್ಮನ್ಯಾಗ ಇದಕ್ಕ ಏನಂತಾರ?" ಎಂದು ಕೇಳುತ್ತಿದ್ದರು. ಜೀರ್ಣಕ್ರಿಯೆಗೆ ಯಾರೋ "ಅರಗೋದ್ರಿ" ಎಂದರು. ಉಸಿರಾಟಕ್ಕೆ "ದಮ್ಮ ತಗೊಳ್ಳೋದ್ರಿ" ಎಂದಾಗ ಮಾಸ್ತರರು, "ಅರೆ, ಇದು ನಂದೇ ಮಾತು, ಉರ್ದು!" ಎಂದು ನಕ್ಕುಬಿಟ್ಟರು. ನಾವು ಹೇಳಿದ್ದನ್ನೆಲ್ಲ ಕಿಸೆಯ ಪುಟ್ಟ ವಹಿಯಲ್ಲಿ ಉರ್ದು ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು.

ನಮ್ಮಪ್ಪ ತೀರಿಕೊಂಡ ಹದಿನೈದು ದಿನಕ್ಕೆ ನಾನು ಮತ್ತೆ ಶಾಲೆಗೆ ಹೋದೆ. ಅವತ್ತು ಜೀವಿಗಳ ಲಕ್ಷಣಗಳ ಪಾಠ. ಹುಟ್ಟು, ಆಹಾರ, ಉಸಿರಾಟ, ಬೆಳವಣಿಗೆ, ಸಂತಾನ ಎಂದು ಬರೆಯುತ್ತ, ಒಂದೊಂದಕ್ಕೂ ನಮ್ಮ ಮನೆಮಾತು ಕೇಳಿದರು. ಪುಸ್ತಕದಲ್ಲಿ ಕೊನೆಯದು ಸಾವು. ಮಾಸ್ತರರು ಒಮ್ಮೆ ನನ್ನ ಕಡೆ ನೋಡಿ, ಸೀಮೆಸುಣ್ಣ ಕೆಳಗಿಟ್ಟು, "ಇವತ್ತಿಗಿ ಇಷ್ಟು ಸಾಕು" ಎಂದರು.

ಇಡೀ ವರ್ಗ ನನ್ನತ್ತ ತಿರುಗಿತು. ನನಗೆ ಸಿಟ್ಟು ಬಂತು. ಎದ್ದು ನಿಂತು, "ಸರ್, ಇನ್ನೊಂದು ಉಳದದರಿ. ನಮ್ಮನ್ಯಾಗ ಅದಕ್ಕ 'ಹೋದ್ರು' ಅಂತಾರ್ರಿ" ಎಂದೆ.

ಮಾಸ್ತರರು ವಹಿ ತೆಗೆದರು. ಪೆನ್ನಿನ ಟೊಪ್ಪಿಗೆಯನ್ನೂ ಬಿಚ್ಚಿದರು. ಆದರೆ ಏನೂ ಬರೆಯದೆ ವಹಿಯನ್ನು ಮತ್ತೆ ಕಿಸೆಗೆ ಇಟ್ಟುಕೊಂಡರು.

"ನಮ್ಮನ್ಯಾಗನೂ ಹಂಗೇ ಅಂತಾರವ್ವಾ" ಎಂದರು. "ಕುಂದ್ರು."